ಇನ್ಹೇಲರ್ ಒತ್ತಿದರೂ ಅಮ್ಮನ ಉಬ್ಬಸ ಇಳಿಯುತ್ತಿಲ್ಲ, ತಪ್ಪು ಎಲ್ಲಿ?

ಪ್ರಶ್ನೆ: ಅಮ್ಮನಿಗೆ ಅಸ್ತಮಾ. ಸಾಲ್ಬುಟಮಾಲ್ ಇನ್ಹೇಲರ್, ಪಫ್‌ಗೆ 100 ಮೈಕ್ರೋಗ್ರಾಂ. ಎರಡು ಪಫ್ ಎಳೆದರೂ ಎದೆಯ ಸುಂಯ್ ಶಬ್ದ ನಿಲ್ಲುವುದಿಲ್ಲ. ಒತ್ತಿದಾಗ ಬಾಯಿಂದ ಬಿಳಿ ಹೊಗೆ ಬಂದ ಹಾಗಾಗುತ್ತೆ. ಡಬ್ಬಿ ನೀರಲ್ಲಿ ತೇಲುತ್ತೆ. ಖಾಲಿಯಾಗಿದೆಯಾ?

ಉತ್ತರ: ನೀರಲ್ಲಿ ತೇಲಿಸುವ ಪರೀಕ್ಷೆ ನಂಬಬೇಡಿ, ನೀರು ಹೋದರೆ ಔಷಧ ಬರುವ ತೂತೂ ಕಟ್ಟಿಕೊಳ್ಳುತ್ತೆ. ಔಷಧ ಮುಗಿದ ಮೇಲೂ ಗ್ಯಾಸ್ ಉಳಿದು ಪುಸ್ ಅನ್ನುತ್ತೆ, ಹಾಗಾಗಿ ಶಬ್ದವನ್ನೂ ನಂಬುವಂತಿಲ್ಲ. ಉಳಿದ ಪಫ್ ಎಷ್ಟೆಂದು ತೋರಿಸುವ ಕೌಂಟರ್ ಇದ್ದರೆ ಅದನ್ನು ನೋಡಿ. ಇಲ್ಲದಿದ್ದರೆ ಡಬ್ಬಿಯ ಮೇಲಿರುವ ಒಟ್ಟು ಪಫ್‌ನಲ್ಲಿ (ಸಾಮಾನ್ಯವಾಗಿ 200) ಬಳಸಿದ್ದನ್ನು ಕಳೆಯಿರಿ.

ಆ ಬಿಳಿ ಹೊಗೆಯೇ ಮುಖ್ಯ ಸುಳಿವು. ಔಷಧ ಶ್ವಾಸನಾಳಕ್ಕೆ ಇಳಿಯದೆ ಬಾಯಲ್ಲೇ ತಿರುಗಿ ಹೊರಬರುತ್ತಿದೆ. ಡಬ್ಬಿ ಚೆನ್ನಾಗಿ ಕುಲುಕಿ, ಪೂರ್ತಿ ಉಸಿರು ಬಿಟ್ಟು, ತುಟಿ ಬಿಗಿ ಹಿಡಿದು, ನಿಧಾನವಾಗಿ ಎಳೆಯಲು ಶುರು ಮಾಡಿದ ಕೂಡಲೇ ಒತ್ತಬೇಕು. ಎಳೆತ 3ರಿಂದ 5 ಸೆಕೆಂಡ್ ಇರಲಿ, ಆಮೇಲೆ 10 ಸೆಕೆಂಡ್ ಉಸಿರು ಕಟ್ಟಲಿ. ಮುಂದಿನ ಪಫ್‌ಗೆ ಅರ್ಧ ನಿಮಿಷವಾದರೂ ಬಿಟ್ಟು ಮತ್ತೆ ಕುಲುಕಿ. ಜೋರಾಗಿ ಎಳೆದರೆ ಔಷಧ ಗಂಟಲಿಗೆ ಬಡಿದು ಅಲ್ಲೇ ಅಂಟುತ್ತೆ. ಜೋರಾಗಿ ಎಳೆಯಬೇಕಾದ್ದು ಕ್ಯಾಪ್ಸೂಲ್ ಹಾಕುವ ಪುಡಿಯ ಇನ್ಹೇಲರನ್ನು, ಇದನ್ನಲ್ಲ.

ಪ್ರಶ್ನೆ: ಒತ್ತುವುದೂ ಎಳೆಯುವುದೂ ಅವರಿಗೆ ಒಟ್ಟಿಗೆ ಹೊಂದುವುದೇ ಇಲ್ಲ. ದಿನಕ್ಕೆ ನಾಲ್ಕೈದು ಸಲ ಬೇಕಾಗುತ್ತಿದೆ.

ಇನ್ನೊಂದು ಉತ್ತರ: ಸ್ಪೇಸರ್ ತನ್ನಿ (ಇನ್ಹೇಲರ್‌ಗೂ ಬಾಯಿಗೂ ನಡುವೆ ಹಾಕುವ ಪ್ಲಾಸ್ಟಿಕ್ ಕೊಳವೆ, ಔಷಧ ಮೊದಲು ಅದರಲ್ಲಿ ತುಂಬುತ್ತೆ), ಆ ಹೊಂದಾಣಿಕೆಯ ಕಷ್ಟವೇ ತಪ್ಪುತ್ತೆ. ಒಂದು ಸಲಕ್ಕೆ ಒಂದೇ ಪಫ್. ಒತ್ತಿದ ಮೇಲೆ ಒಂದೇ ದೀರ್ಘ ಉಸಿರು ಎಳೆಯಲಿ, ಆಗದಿದ್ದರೆ ಐದಾರು ಸಾಧಾರಣ ಉಸಿರು ಸಾಕು. ತೊಳೆಯುವಾಗ ಪಾತ್ರೆ ಸೋಪಿನ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಒರೆಸಿದರೆ ಪ್ಲಾಸ್ಟಿಕ್‌ನಲ್ಲಿ ಸ್ಥಿರ ವಿದ್ಯುತ್ ಹುಟ್ಟಿ ಔಷಧ ಸ್ಪೇಸರ್‌ನ ಒಳಗೋಡೆಗೇ ಅಂಟುತ್ತೆ.

ಆದರೆ ನನಗೆ ಚಿಂತೆ ಆ ನಾಲ್ಕೈದು ಸಲದ್ದು. ಸಾಲ್ಬುಟಮಾಲ್ ಬಿಗಿದ ಸ್ನಾಯುವನ್ನು ಕೆಲವು ಗಂಟೆ ಸಡಿಲಿಸುತ್ತೆ ಅಷ್ಟೆ, ಒಳಗಿನ ಊತ ಹಾಗೇ ಇರುತ್ತೆ. ಊತ ಇಳಿಸಲು ಬುಡೆಸೊನೈಡ್ ತರಹದ ಸ್ಟಿರಾಯ್ಡ್ ಇನ್ಹೇಲರ್ ಬೇಕು. ದೊಡ್ಡವರ ಅಸ್ತಮಾಕ್ಕೆ ಸಾಲ್ಬುಟಮಾಲ್ ಒಂದನ್ನೇ ಕೊಡಬೇಡಿ ಎಂದು ಜೀನಾ (GINA, ಅಸ್ತಮಾ ಚಿಕಿತ್ಸೆಯ ಅಂತರರಾಷ್ಟ್ರೀಯ ತಜ್ಞರ ಸಂಸ್ಥೆ) ಮಾರ್ಗಸೂಚಿ 2019ರಿಂದಲೇ ಹೇಳುತ್ತಿದೆ. ಈ ವಾರವೇ ವೈದ್ಯರಿಗೆ ತೋರಿಸಿ. ಸ್ಟಿರಾಯ್ಡ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಶಿಲೀಂಧ್ರ ಬೆಳೆಯಬಹುದು.

ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ ಅಥವಾ ತುಟಿ ನೀಲಿಗಟ್ಟಿದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ನೆಟ್ಟಗೆ ಕೂರಿಸಿ, ಸ್ಪೇಸರ್‌ನಲ್ಲಿ ನಿಮಿಷಕ್ಕೊಂದರಂತೆ 10 ಪಫ್‌ವರೆಗೆ ಕೊಡಿ.