ಪಾಪದ ದಿನೇಶ ಮತ್ತು ಹಾಲೆಂಡಿನ ಅಣಬೆ

ಜೂನ್‌ನಲ್ಲಿ ಎರಡು ಗುಡುಗು ಗುಡುಗಿದರೆ ಸಾಕು, ಉಡುಪಿಯಲ್ಲಿ ರಸ್ತೆ ಬದಿಗೆ ಕಲ್ಲಣಬೆ ಮಾರುವವರು ಬಂದು ಕೂತಿರುತ್ತಾರೆ. ಮಣ್ಣು ಮೆತ್ತಿದ ಗೋಲಿಗಳ ಹಾಗಿರುವ ಅದಕ್ಕೆ ಸೇರಿಗೆ 500 ರೂಪಾಯಿ ಕೊಟ್ಟು, ಚೌಕಾಸಿ ಮಾಡಲು ಹೋಗಿ ಬೈಸಿಕೊಂಡು, ನಾನು ದಿನೇಶನ ಮನೆಗೆ ಹೋದೆ. ಅವನು ಹಾಲೆಂಡಿನಿಂದ ರಜೆಯಲ್ಲಿ ಬಂದಿದ್ದ. ಬಂದವನು ಮೊದಲಿನ ಹಾಗೆ ಇಲ್ಲ ಅಂತ ಜೋಸ್ಸಿ ಫೋನಿನಲ್ಲಿ ಗಾಬರಿಯಿಂದ ಹೇಳಿದ್ದ.

"ಎಂತ ಆಗಿದೆ ಮಾರಾಯ?"

"ಕನ್ನಡಿ ನೋಡಿ ನಗಾಡ್ತಾನೆ. ಸುಮ್ನೆ."

ಹೋಗಿ ನೋಡಿದರೆ ಜಗಲಿಯಲ್ಲಿ ಪೇಪರ್ ಹಾಸಿಕೊಂಡು ಜೋಸ್ಸಿ, ಶೈಲಾ, ದಿನೇಶ ಮೂವರೂ ಕೂತಿದ್ದರು. ನಾನು ತಂದದ್ದನ್ನು ನಡುವೆ ಸುರಿದೆ. ಕಲ್ಲಣಬೆಯ ಕೆಲಸ ಗೊತ್ತಲ್ಲ, ನಾಲ್ಕೈದು ನೀರಿನಲ್ಲಿ ತೊಳೆದರೂ ಮಣ್ಣು ಬಿಡುವುದಿಲ್ಲ, ಒಂದೊಂದನ್ನೂ ಕೆರೆದು ಕತ್ತರಿಸಿ ನೋಡಬೇಕು. ಒಳಗೆ ಬೆಳ್ಳಗಿದ್ದರೆ ಪಾತ್ರೆಗೆ, ಕಪ್ಪಾಗಿದ್ದರೆ ತೆಂಗಿನ ಬುಡಕ್ಕೆ. ಹರಟೆಗೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ.

ದಿನೇಶ ಒಂದು ಅಣಬೆ ಕೈಯಲ್ಲಿ ಹಿಡಿದು ಗಂಭೀರವಾಗಿ ಹೇಳಿದ, "ನಾನೀಗ ನನ್ನನ್ನು ಪ್ರೀತಿ ಮಾಡ್ಲಿಕ್ಕೆ ಕಲ್ತಿದ್ದೇನೆ."

"ಅಲ್ಲಿ ಬೇರೆ ಯಾರೂ ಸಿಗ್ಲಿಲ್ವಾ?" ಅಂದ ಜೋಸ್ಸಿ.

"ತಮಾಷೆ ಅಲ್ಲ. ಅಣಬೆ ತಿಂದು ಕಲ್ತದ್ದು."

ಮೂವರೂ ಕೈಯಲ್ಲಿದ್ದ ಅಣಬೆ ನೋಡಿಕೊಂಡೆವು. "ಇದನ್ನು ನಾನು ನಲವತ್ತು ವರ್ಷದಿಂದ ತಿಂತಾ ಇದ್ದೇನೆ" ಅಂದ ಜೋಸ್ಸಿ, "ಪ್ರೀತಿ ಎಂತದ್ದೂ ಆಗ್ಲಿಲ್ಲ. ಗ್ಯಾಸ್ ಆಗಿದೆ."

ಇದಲ್ಲ ಅದು, ಬೇರೆ ಜಾತಿ. ದಿನೇಶ ವಿವರಿಸಿದ. ಹಾಲೆಂಡಿನಲ್ಲಿ ಈ ಮತ್ತಿನ ಅಣಬೆ ಮೊದಲು ಅಂಗಡಿಯಲ್ಲೇ ಸಿಗುತ್ತಿತ್ತು, 2008ರ ಡಿಸೆಂಬರ್‌ನಲ್ಲಿ ನಿಷೇಧ ಮಾಡಿದರು. ಆದರೆ ಕಾನೂನು ಬರೆದವರು ನೆಲದ ಮೇಲೆ ಕೊಡೆ ಬಿಚ್ಚುವ ಅಣಬೆಯನ್ನು ಮಾತ್ರ ಹಿಡಿದರು. ಅದೇ ಅಣಬೆ ಮಣ್ಣಿನಡಿ ಕಟ್ಟುವ ಗಂಟು ಉಂಟಲ್ಲ, ಅದಕ್ಕೆ ಅಲ್ಲಿ ಟ್ರಫಲ್ ಅನ್ನುತ್ತಾರೆ, ಅದು ತಪ್ಪಿಸಿಕೊಂಡಿತು. ಈಗಲೂ ಅದನ್ನು ಮಾರಬಹುದು. ರುಚಿ ಹೇಗೆ ಅಂತ ಕೇಳಿದರೆ, "ಹುಳಿಯಾದ ಹಸಿ ಹಲಸಿನ ಬೀಜ ಅಗಿದ ಹಾಗೆ" ಅಂದ. ನನಗೆ ಅಲ್ಲಿಗೇ ಅರ್ಧ ಆಸಕ್ತಿ ಹೋಯಿತು.

ಶೈಲಾ ಮಾನಸಿಕ ವಿಭಾಗದಲ್ಲಿ ನರ್ಸ್, ಹದಿನೆಂಟು ವರ್ಷದ ಸರ್ವೀಸು. ಅವಳ ಚಾಕು ನಿಲ್ಲಲಿಲ್ಲ. "ಅದರಲ್ಲಿರುವುದು ಸೈಲೊಸೈಬಿನ್. 1958ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಹಾಫ್‌ಮನ್ ಅಂತ ಒಬ್ರು ಅದನ್ನು ಬೇರೆ ಮಾಡಿ ತೆಗೆದ್ರು, ಎಲ್‌ಎಸ್‌ಡಿ ಅನ್ನುವ ಮತ್ತಿನ ವಸ್ತು ಮಾಡಿದ ಪುಣ್ಯಾತ್ಮರೂ ಅವರೇ. ಹೊಟ್ಟೆಗೆ ಹೋದ ಮೇಲೆ ಅದು ಸೈಲೊಸಿನ್ ಆಗ್ತದೆ, ಮೆದುಳಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕ ಕೂರುವ ಕುರ್ಚಿಯಲ್ಲಿ ಹೋಗಿ ಕೂರ್ತದೆ. ಏಳ್ಲಿಕ್ಕೆ ನಾಲ್ಕರಿಂದ ಆರು ಗಂಟೆ ಬೇಕು."

"ನಮ್ಮ ಭಾವನ ಹಾಗೆ" ಅಂದ ಜೋಸ್ಸಿ.

"ಮನುಷ್ಯ ಸುಮ್ನೆ ಕೂತಾಗ್ಲೂ ಹಳೇ ಲೆಕ್ಕ ತೆಗೆದು ನಾನು ಹಾಗೆ ಮಾಡಿದೆ, ನನಗೆ ಹೀಗಾಯ್ತು ಅಂತ ತಿರುಗಿಸ್ತಾ ಇರ್ಲಿಕ್ಕೆ ಮೆದುಳಲ್ಲಿ ಒಂದು ಜಾಲ ಉಂಟು. ಡೀಫಾಲ್ಟ್ ಮೋಡ್ ನೆಟ್‌ವರ್ಕ್ ಅಂತ ಹೆಸರು."

"ಅದಕ್ಕೆ ನಮ್ಮಲ್ಲಿ ಮಂಡೆಬಿಸಿ ಅಂತ ಹೆಸರುಂಟಲ್ಲ."

"ಹಾಂ, ಅದೇ. ಆ ಜಾಲದ ಹಿಡಿತ ಸ್ವಲ್ಪ ಹೊತ್ತು ಸಡಿಲ ಆಗ್ತದೆ ಅಂತ ಸ್ಕ್ಯಾನಲ್ಲಿ ಕಂಡಿದೆ."

ದಿನೇಶನ ಕಥೆ ಹೀಗೆ. ಹಾಲೆಂಡಿನಲ್ಲಿ ಆ ಟ್ರಫಲ್ ತಿನ್ನಿಸಿ, ಹಾಸಿಗೆಯಲ್ಲಿ ಮಲಗಿಸಿ ಕಣ್ಣಿಗೆ ಪಟ್ಟಿ ಕಟ್ಟಿದರಂತೆ, ಕಿವಿಗೆ ಸಂಗೀತ, ಪಕ್ಕದಲ್ಲಿ ಇಬ್ಬರು ನೋಡಿಕೊಳ್ಳುವವರು. ಮೊದಲ ಒಂದು ಗಂಟೆ ಏನೂ ಇಲ್ಲ, ದುಡ್ಡು ಹೋಯಿತಲ್ಲ ಅಂತ ಲೆಕ್ಕ ಹಾಕುತ್ತಾ ಮಲಗಿದ್ದನಂತೆ. ಆಮೇಲೆ ಐದನೇ ಕ್ಲಾಸಿನ ದಿನೇಶ ಕಂಡ. ಮಗ್ಗಿ ಬಾರದ್ದಕ್ಕೆ ಕ್ಲಾಸಿನ ಹೊರಗೆ ನಿಲ್ಲಿಸಿದ್ದಾರೆ, ಮಳೆಯ ಇರಿಚಲು ಹೊಡೆದು ಚಡ್ಡಿಯ ಒಂದು ಬದಿ ಮಾತ್ರ ಒದ್ದೆ, ಕೈಯಲ್ಲಿ ಸ್ಲೇಟು. ದೊಡ್ಡ ದಿನೇಶ ಹತ್ತಿರ ಹೋಗಿ ನೋಡುತ್ತಾನೆ, ಸ್ಲೇಟಿನಲ್ಲಿ ಮಗ್ಗಿ ಸರಿಯಾಗಿಯೇ ಬರೆದಿದೆ. ಬಾಯಿಪಾಠ ಬರುತ್ತಿರಲಿಲ್ಲ, ಅಷ್ಟೇ.

"ನೋಡಿ ನನಗೆ ಎಂತ ಅನ್ನಿಸ್ತು ಗೊತ್ತುಂಟಾ? ಪಾಪ ಅನ್ನಿಸ್ತು. ಪಾಪ, ಚಿಕ್ಕ ಹುಡುಗ. ಅಷ್ಟೇ ಮಾರಾಯ. ಎರಡು ಗಂಟೆ ಅತ್ತೆ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಜೋಸ್ಸಿ, "ನಮಗೆ ಪಾಪ ಅಂದ್ರೆ ಬೇರೆ. ನಾವು ಪ್ರತಿ ಆದಿತ್ಯವಾರ ಪಾಪ ಒಪ್ಕೊಂಡು ಎದೆ ಬಡ್ಕೊಳ್ಳುವವರು."

ನನಗೆ ನಿಜ ಹೇಳಬೇಕೆಂದರೆ ಈ ಸ್ವಪ್ರೇಮ, ಸೆಲ್ಫ್ ಲವ್ ಅಂದರೆ ಮೊದಲಿನಿಂದಲೂ ಅಲರ್ಜಿ. ನಮ್ಮ ಊರಿನಲ್ಲಿ ತನ್ನನ್ನು ತಾನು ಮೆಚ್ಚಿಕೊಳ್ಳುವವನಿಗೆ ಜಂಬದ ಕೋಳಿ ಅನ್ನುತ್ತಾರೆ, ತನ್ನನ್ನು ತಾನು ಬೈದುಕೊಳ್ಳುವುದಕ್ಕೆ ಮರ್ಯಾದೆ ಅನ್ನುತ್ತಾರೆ. ಆದರೆ ಪಾಪ ಅನ್ನುವ ಮಾತು ನಮ್ಮದೇ. ಬೀದಿ ನಾಯಿಗೆ ಅನ್ನುತ್ತೇವೆ, ಬಸ್ಸು ತಪ್ಪಿದ ಯಾರೋ ಅಜ್ಜನಿಗೆ ಅನ್ನುತ್ತೇವೆ, ಸೋತ ಅಭ್ಯರ್ಥಿಗೂ ಅನ್ನುತ್ತೇವೆ. ನಮಗೆ ನಾವು ಅನ್ನುವುದಿಲ್ಲ. ಹೋದ ವರ್ಷ ಮಗಳ ಶಾಲೆಯ ವೇದಿಕೆ ಹತ್ತಿ, ಮುಖ್ಯ ಅತಿಥಿಯ ಹೆಸರು ಮರೆತು, ಆರು ಸಲ "ಮಾನ್ಯರೇ" ಅಂತ ಹೇಳಿ ಇಳಿದದ್ದು ನನಗೆ ಈಗಲೂ ರಾತ್ರಿ ಎರಡು ಗಂಟೆಗೆ ನೆನಪಾಗುತ್ತದೆ, ಹೊದಿಕೆಯೊಳಗೆ ಕಾಲು ಮಡಚಿಕೊಂಡು ಥೂ ಅಂತ ನನಗೇ ಉಗಿದುಕೊಳ್ಳುತ್ತೇನೆ. ಅದೇ ಕೆಲಸ ಜೋಸ್ಸಿ ಮಾಡಿದ್ದರೆ ಪಾಪ ಅನ್ನುತ್ತಿದ್ದೆ. ನಕ್ಕು, ಆಮೇಲೆ ಅನ್ನುತ್ತಿದ್ದೆ.

ಅಷ್ಟರಲ್ಲಿ ಜೋಸ್ಸಿಗೆ ಐಡಿಯಾ ಹೊಳೆದಿತ್ತು. "ನಮ್ಮ ಹಟ್ಟಿಯ ಹಿಂದೆ ಸೆಗಣಿ ರಾಶಿಯಲ್ಲಿ ಕೊಡೆ ಕೊಡೆ ಎದ್ದಿದೆ. ಹಾಲೆಂಡಿಗೆ ಯಾಕೆ ಹೋಗ್ಬೇಕು?"

ಶೈಲಾ ಮೊದಲ ಸಲ ಚಾಕು ಕೆಳಗಿಟ್ಟಳು. "ಒಂದು, ಯಾವ ಅಣಬೆ ಅಂತ ಗೊತ್ತಿಲ್ಲದೆ ತಿಂದ್ರೆ ಪ್ರೀತಿ ಅಲ್ಲ, ಲಿವರ್ ಹೋಗ್ತದೆ. ಅದೇ ಹಾಗೆ ಕಾಣುವ ವಿಷದ್ದು ಉಂಟು, ವಾಂತಿ ಭೇದಿ ಆಗಿ, ಒಂದು ದಿನ ಆರಾಮ ಅಂತ ಕಂಡು, ಆಮೇಲೆ ಲಿವರ್ ಹಿಡಿತದೆ. ಮತ್ತೆ ಸೈಲೊಸೈಬಿನ್ ಇಲ್ಲಿ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿ ಉಂಟು, 1985ರದ್ದು. ನಿನ್ನ ಆತ್ಮದರ್ಶನ ಠಾಣೆಯಲ್ಲಿ ಆಗ್ತದೆ."

"ಹಾಗಾದ್ರೆ ಅದು ಸುಳ್ಳು ಅಂತೀಯಾ?" ದಿನೇಶನ ಮುಖ ಸಣ್ಣದಾಯಿತು.

"ಸುಳ್ಳು ಅಂತ ಎಲ್ಲಿ ಹೇಳಿದೆ? ಮಾಮೂಲಿ ಮದ್ದಿಗೆ ಬಗ್ಗದ ಖಿನ್ನತೆ ಇದ್ದ 233 ಜನರ ಮೇಲೆ ನೋಡಿದ ಪರೀಕ್ಷೆ 2022ರಲ್ಲಿ ಬಂತು. ಅದರಲ್ಲಿ ಕೆಲವರಿಗೆ 25 ಮಿಲಿಗ್ರಾಂ, ಒಂದೇ ಸಲ. ಮೂರು ವಾರಕ್ಕೆ ಒಳ್ಳೆ ಫರಕು ಕಂಡಿತ್ತು, ಹನ್ನೆರಡು ವಾರಕ್ಕೆ ಅಷ್ಟು ಉಳೀಲಿಲ್ಲ. ಆಸ್ಟ್ರೇಲಿಯಾದಲ್ಲಿ 2023ರ ಜುಲೈಯಿಂದ ಅನುಮತಿ ಇದ್ದ ಮನೋವೈದ್ಯರು ಅಂಥವರಿಗೆ ಕೊಡಬಹುದು. ಆದ್ರೆ ಮನೆಯಲ್ಲಿ ಯಾರಿಗಾದ್ರೂ ಇಲ್ಲದ್ದು ಕಾಣುವ, ಕೇಳುವ ಸ್ಕಿಜೋಫ್ರೇನಿಯ ಕಾಯಿಲೆ ಇದ್ರೆ ಪರೀಕ್ಷೆಗೇ ಸೇರಿಸ್ಕೊಳ್ಳುವುದಿಲ್ಲ. ಯಾಕೆ ಅಂತ ನಾನು ವಾರ್ಡಲ್ಲಿ ನೋಡ್ತೇನೆ. ಅಲ್ಲ ದಿನೇಶ, ಅಣಬೆ ತಿಂದ ಮೇಲೆ ನೀನು ಎಂತ ಮಾಡಿದ್ದಿ?"

ದಿನೇಶ ಸ್ವಲ್ಪ ನಾಚಿಕೊಂಡ. "ಪ್ರತಿ ಗುರುವಾರ ಒಬ್ಬರು ಕೌನ್ಸೆಲರ್ ಹತ್ರ ಮಾತಾಡ್ಲಿಕ್ಕೆ ಹೋಗ್ತೇನೆ. ಏಳು ತಿಂಗಳಾಯ್ತು."

"ಹಾಗೆ ಹೇಳು! ಅಣಬೆ ಬಾಗಿಲು ತೆಗೆದದ್ದು. ಗುಡಿಸಿದ್ದು ಗುರುವಾರ."

ಈ ಮಾತಿಗೆ ನನ್ನದೂ ಒಂದು ಒಗ್ಗರಣೆ ಇತ್ತು. ಮೆಕ್ಸಿಕೋದ ಒಆಹಾಕಾದಲ್ಲಿ ಮರಿಯಾ ಸಬೀನಾ ಅಂತ ಒಬ್ಬರು ಅಜ್ಜಿ ಇದ್ದರು, ಅಣಬೆ ಕೊಟ್ಟು ರಾತ್ರಿಯಿಡೀ ಹಾಡಿ ನೋಡುವವರು, ಮೈಮೇಲೆ ದೈವ ಬರುವ ನಮ್ಮ ಪಾತ್ರಿಗಳ ಹಾಗೆ. ಅವರ ಹತ್ತಿರ ಬರುತ್ತಿದ್ದದ್ದು ಊರಿನ ಕಾಯಿಲೆಯವರು. 1955ರಲ್ಲಿ ಗಾರ್ಡನ್ ವಾಸನ್ ಅಂತ ಅಮೆರಿಕದ ಬ್ಯಾಂಕಿನವರೊಬ್ಬರು ಹೋಗಿ ತಿಂದು ಬಂದರು, 1957ರಲ್ಲಿ ಪತ್ರಿಕೆಯಲ್ಲಿ ಬರೆದರು, ಆಮೇಲೆ ತಮ್ಮನ್ನು ತಾವು ಹುಡುಕುವವರ ದಂಡೇ ಆ ಊರಿಗೆ ನುಗ್ಗಿತು. ಇದಕ್ಕೆಲ್ಲ ಅಜ್ಜಿಯೇ ಕಾರಣ ಅಂತ ಊರಿನವರು ಅವರ ಮನೆಯನ್ನೇ ಸುಟ್ಟರು. ನಾನು ಇಷ್ಟು ಹೇಳಿ ಮುಗಿಸುವಾಗ ಜೋಸ್ಸಿ, "ಪಾಪ" ಅಂದ. ಆಮೇಲೆ ತಾನೇ ಬಾಯಿ ಮುಚ್ಚಿಕೊಂಡ.

ಒಂದು ಗಂಟೆಗೆ ದಿನೇಶನ ಅಮ್ಮ ಬಡಿಸಿದರು. ಕುಚ್ಚಲಕ್ಕಿ ಅನ್ನ, ಕಲ್ಲಣಬೆ ಸುಕ್ಕ. ಹೊರಗೆ ಜಡಿಮಳೆ. ಅಣಬೆ ಹಲ್ಲಿಗೆ ಸಿಕ್ಕಿ ಟಪ್ ಅಂತ ಒಡೆಯುವಾಗ ಹೊರಡುವ ಆ ಮಣ್ಣಿನ ರುಚಿಗೆ ನಾಲ್ವರೂ ಮಾತು ನಿಲ್ಲಿಸಿದೆವು.

"ಅಮ್ಮ, ಭಾರೀ ಲಾಯ್ಕ ಆಗಿದೆ" ಅಂದೆ.

"ಎಂತ ಲಾಯ್ಕ, ಮಸಾಲೆ ಸಮ ಅರೆಯಲಿಲ್ಲ, ತೆಂಗಿನಕಾಯಿ ಹಳತು..." ಅಂತ ಶುರು ಮಾಡಿದರು. ದಿನೇಶ ಊಟ ಬಿಟ್ಟು ಅವರನ್ನೇ ನೋಡುತ್ತಿದ್ದ. ಇಷ್ಟು ಹೊತ್ತು ಒಳಗಿನಿಂದ ನಮ್ಮ ಮಾತೆಲ್ಲ ಕೇಳಿಸಿಕೊಂಡಿದ್ದರು ಅಂತ ಕಾಣುತ್ತದೆ. ಸೌಟು ಹಿಡಿದು ಒಂದು ಗಳಿಗೆ ನಿಂತರು.

"ಹೌದು" ಅಂದರು. "ಲಾಯ್ಕ ಆಗಿದೆ. ನನಗೂ ಹಾಗೇ ಕಂಡಿತು."

ದಿನೇಶನ ಕಣ್ಣು ತುಂಬಿತು.

"ಉಪ್ಪು ಮಾತ್ರ ಒಂಚೂರು ಜಾಸ್ತಿ" ಅಂತ ಹೇಳಿ ಅಮ್ಮ ಒಳಗೆ ಹೋದರು.