ಕ್ಯಾಂಪಸ್ಸಿಗೆ ಹೊಸ ಫೈಬರ್: ಮಾಡಿಸಿದವರು ಅನುಭವ ಹೇಳಿ

ಪ್ರಶ್ನೆ: ನಮ್ಮ ವಿಶ್ವವಿದ್ಯಾಲಯದ ಆಡಳಿತ ಕಟ್ಟಡಕ್ಕೆ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳನ್ನು ವೇಗವಾಗಿ ಜೋಡಿಸುವ ರಾಷ್ಟ್ರೀಯ ಜ್ಞಾನ ಜಾಲದ (ಎನ್‌ಕೆಎನ್) ಲಿಂಕ್ ಬಂದು ವರ್ಷಗಳಾದವು. ಆದರೆ ಕ್ಯಾಂಪಸ್ಸಿನ ಇನ್ನೊಂದು ತುದಿಯ ಜೀವವಿಜ್ಞಾನ ವಿಭಾಗದವರು ಡಿಎನ್‌ಎ ಸೀಕ್ವೆನ್ಸಿಂಗಿನ ಭಾರಿ ಡೇಟಾವನ್ನು ಇಂದಿಗೂ ಹಾರ್ಡ್ ಡಿಸ್ಕಿನಲ್ಲಿ ಹೊತ್ತು ತರುತ್ತಾರೆ. 3 ಕಿ.ಮೀ. ಫೈಬರ್ ಹಾಕಿಸಲು ಹಣ ಮಂಜೂರಾಗಿದೆ. ಟೆಂಡರಿಗೆ ಮುಂಚೆ ಏನೇನು ನೋಡಿಕೊಳ್ಳಬೇಕು?

ಉತ್ತರ: ಮೇಡಂ, ದುಡ್ಡು ಹೋಗುವುದು ನೆಲ ಅಗೆಯುವುದಕ್ಕೆ, ಕೇಬಲ್ಲಿಗಲ್ಲ. 12 ಎಳೆ ಸಾಕು ಅಂತ ಯಾರೇ ಹೇಳಲಿ, 48 ಎಳೆಯ, ದೂರದವರೆಗೆ ಸಿಗ್ನಲ್ ಒಯ್ಯುವ ಸಿಂಗಲ್‌ಮೋಡ್ ಕೇಬಲ್ಲನ್ನೇ ಕೇಳಿ. ಪಕ್ಕದಲ್ಲಿ ಒಂದು ಖಾಲಿ ಗಟ್ಟಿ ಪ್ಲಾಸ್ಟಿಕ್ (ಎಚ್‌ಡಿಪಿಇ) ಪೈಪೂ ಇರಲಿ. ಹತ್ತಿರದ ದೂರಕ್ಕಷ್ಟೇ ಆಗುವ ಹಳೆಯ ಮಲ್ಟಿಮೋಡ್ ಕೇಬಲ್ ಮುಂದುವರಿಸಬೇಡಿ: ಅದರ ಓಎಂ3 ಎಂಬ ದರ್ಜೆಯಲ್ಲೂ 10 ಜಿಬಿಪಿಎಸ್ (ಸೆಕೆಂಡಿಗೆ 10 ಗಿಗಾಬಿಟ್) ವೇಗ 300 ಮೀಟರ್ ದಾಟುವುದಿಲ್ಲ.

ಗುತ್ತಿಗೆದಾರರು ಬಂಡೆ ಸಿಕ್ಕಿತೆಂದರೆ ಮೇಲೆಮೇಲೇ ಪೈಪ್ ಹಾಯಿಸಿಬಿಡುತ್ತಾರೆ. ಮುಚ್ಚುವ ಮೊದಲು ನಿಮ್ಮವರೇ ನಿಂತು ಆಳ ಅಳೆಯಲಿ, ಫೋಟೊ ತೆಗೆಯಲಿ. ಪ್ರತಿ ಜಾಯಿಂಟ್ ಎಲ್ಲಿದೆ, ಅಲ್ಲಿ ಮುಂದಿನ ರಿಪೇರಿಗೆಂದು ಎಷ್ಟು ಮೀಟರ್ ಕೇಬಲ್ ಸುತ್ತಿಟ್ಟಿದ್ದಾರೆ ಎಂಬ ನಕ್ಷೆ ಕೈಗೆ ಬರುವ ತನಕ ಕೊನೆಯ ಬಿಲ್ ಪಾಸ್ ಮಾಡಬೇಡಿ. ನಾಳೆ ಹಾಸ್ಟೆಲ್ ಪಾಯಕ್ಕೆ ಬಂದ ಜೆಸಿಬಿ ಕೇಬಲ್ ಹರಿದಾಗ ಬೆಳಕು ಹಾಯಿಸಿ ತುಂಡಾದ ಜಾಗ ಅಳೆಯುವ ಓಟಿಡಿಆರ್ ಉಪಕರಣ ‘1,840 ಮೀಟರಿಗೆ ತುಂಡಾಗಿದೆ’ ಅನ್ನುತ್ತದೆ. ಅದು ಕೇಬಲ್ಲಿನ ಉದ್ದ, ರಸ್ತೆಯ ಉದ್ದವಲ್ಲ. ಸುತ್ತಿಟ್ಟದ್ದನ್ನು ಕಳೆಯದಿದ್ದರೆ ತಪ್ಪು ಜಾಗ ಅಗೆಯುತ್ತೀರಿ.

ಉತ್ತರ: ಮೇಲಿನವರು ಹೇಳಿದ್ದು ಸರಿ. ನಾನು ಸೇರಿಸುವುದು ಎರಡನೆಯ ದಾರಿ. ವಿಭಾಗಕ್ಕೆ ಇನ್ನೊಂದು ಬದಿಯಿಂದಲೂ ಫೈಬರ್ ಬರಲಿ, ಒಂದೇ ಗುಂಡಿಯಲ್ಲಿ ಎರಡು ಕೇಬಲ್ ಹಾಕಿದರೆ ಎರಡೂ ಒಟ್ಟಿಗೇ ಹೋಗುತ್ತವೆ. ಪೋಲೆಂಡಿನ ಪಿಯೊನಿಯರ್ ಜಾಲ ನೋಡಿ: ವಿಶ್ವವಿದ್ಯಾಲಯಗಳೇ ಸೇರಿ ಮೊದಲು ಊರೊಳಗಿನ ಜಾಲ ಕಟ್ಟಿಕೊಂಡು, ಆಮೇಲೆ ಊರೂರಿನ ನಡುವೆ ತಮ್ಮದೇ ಫೈಬರ್ ಎಳೆದವು. ಒಳಗಿನ ಕೆಲಸ ಗಟ್ಟಿಯಿದ್ದದ್ದಕ್ಕೇ ಅದು ಸಾಧ್ಯವಾಯಿತು ಅಂತ ನನ್ನ ನಂಬಿಕೆ. ಕನೆಕ್ಟರ್ ಒರೆಸುವ ಕ್ಲೀನರ್ ಸಹ ಟೆಂಡರಿಗೆ ಸೇರಿಸಿ, ಲಿಂಕ್ ಕೆಡುವುದು ಹೆಚ್ಚಾಗಿ ದೂಳಿನಿಂದ.

ಉತ್ತರ: ಕೆಲಸ ಮುಗಿದ ದಿನ ನಿಜವಾದ 1 ಟಿಬಿ ಡೇಟಾ ಕಳಿಸಿ ನೋಡಿ. 1 ಜಿಬಿಪಿಎಸ್‌ನಲ್ಲಿ ಸುಮಾರು ಎರಡೂಕಾಲು ಗಂಟೆ, 10ರಲ್ಲಿ ಕಾಲು ಗಂಟೆಯೊಳಗೆ. ಹೆಚ್ಚು ಹೊತ್ತು ಹಿಡಿದರೆ ಮೊದಲು ಡಿಸ್ಕಿನ ವೇಗ ನೋಡಿ, ಆಮೇಲೆ ಫೈರ್‌ವಾಲ್. ಕಚೇರಿ ಕಂಪ್ಯೂಟರುಗಳಿಗೆಂದು ಇಟ್ಟ ಫೈರ್‌ವಾಲ್ ಇಂಥ ದೊಡ್ಡ ಡೇಟಾಗೆ ಕತ್ತು ಹಿಸುಕುತ್ತದೆ. ಸಂಶೋಧನೆಯ ಸರ್ವರಿಗೆ ಬೇರೆ ದಾರಿ ಮಾಡಿ, ಎರಡೂ ತುದಿಯಲ್ಲಿ ಪರ್ಫ್‌ಸೋನಾರ್ ಎಂಬ ಜಾಲ ಅಳೆಯುವ ತಂತ್ರಾಂಶ ಕೂರಿಸಿ. ಅದು ಉಚಿತ, ಆ ಎರಡು ತುದಿಗಳ ನಡುವೆ ಎಷ್ಟು ಪ್ಯಾಕೆಟ್ (ಡೇಟಾ ತುಣುಕು) ಬಿದ್ದುಹೋಗುತ್ತಿವೆ ಅಂತ ತಾನೇ ದಾಖಲಿಸುತ್ತದೆ.