ಸಮಸ್ಯಾಪೂರಣ: ಸತ್ತವನೇ ತನ್ನ ಸಾವಕಥೆಯಂ ಪೇೞ್ದಂ

ಹಳೆಮೈಸೂರು:
ಈ ವಾರದ್ದು ಕಂದಪದ್ಯ. ಕೊನೆಯ ಸಾಲು ನನ್ನದು, ಮೇಲಿನ ಮೂರು ನಿಮ್ಮವು.

ಸತ್ತವನೇ ತನ್ನ ಸಾವಕಥೆಯಂ ಪೇೞ್ದಂ ||

ವಸ್ತು ‘ಇಂಟರ್‌ವ್ಯೂ ವಿತ್ ದ ವ್ಯಾಂಪೈರ್’. 2022ರಲ್ಲಿ ಶುರುವಾದ ಧಾರಾವಾಹಿ, 1994ರ ಸಿನಿಮಾ ಅಲ್ಲ. ಸತ್ತು ರಕ್ತ ಕುಡಿಯುವ ವ್ಯಾಂಪೈರ್ ಆದ ಲೂಯಿ ಪತ್ರಕರ್ತ ಡೇನಿಯಲ್‌ಗೆ ತನ್ನ ಕಥೆ ಹೇಳುವುದು. ಹೋದ ಸಲ ಭೀಷ್ಮನನ್ನು ಕೊಟ್ಟಾಗ ‘ಮತ್ತೆ ಭಾರತವೇ’ ಎಂದು ಮೂಗು ಮುರಿದಿರಲ್ಲ, ಈಗ ಅನುಭವಿಸಿ. ನೋಡದವರು ನೋಡಿ ಬನ್ನಿ. ಗುಟ್ಟು ಬಯಲಾಯಿತೆಂದು ಆಮೇಲೆ ಅಳಬೇಡಿ.

ಲಘುಗುರು:
‘ಸಾವಕಥೆ’ ಅರಿಸಮಾಸ, ಕನ್ನಡ ಸಂಸ್ಕೃತಗಳ ಬೆರಕೆ. ಸಮಸ್ಯೆ ಕೊಡುವವರೇ ಹೀಗಾದರೆ ಬಿಡಿಸುವವರ ಗತಿ?

ಹಳೆಮೈಸೂರು:
‘ಸಾವ’ ಕೃದಂತ, ಧಾತುವಿನಿಂದ ಬಂದ ಪದ. ಹಾಗಾಗಿ ಇದು ಗಮಕಸಮಾಸ, ಅಲ್ಲಿ ಬೆರಕೆ ತಪ್ಪಲ್ಲ. ಗಮಕಕ್ಕೆ ಅರಿ ಎಲ್ಲಿಂದ ಬಂತು ರಾಯರೇ? ಪದ್ಯ ಹಾಕಿ.

ಎಲೆಯಡಿಕೆ:
ನೆತ್ತರನೀಂಟಿದ ಲೂಯಿಯೆ
ಕುತ್ತಿಗೆಯಂ ತೋರಿ ಗಾಯಮಂ ಬಣ್ಣಿಸುತುಂ |
ಒತ್ತಿರಿಸಿದ ಯಂತ್ರದಿದಿರ್
ಸತ್ತವನೇ ತನ್ನ ಸಾವಕಥೆಯಂ ಪೇೞ್ದಂ ||

1910ರ ನ್ಯೂ ಆರ್ಲಿಯನ್ಸಿನಲ್ಲಿ ಸತ್ತವನು 2022ರಲ್ಲಿ ದುಬೈಯಲ್ಲಿ ಕೂತು ಹೇಳುತ್ತಾನೆ. ಯಂತ್ರ ಎಂದರೆ ರೆಕಾರ್ಡರು.

ಹಳೆಮೈಸೂರು:
ಸಲೀಸಾಗಿದೆ.

ಮಲೆನಾಡಿಗ:
ಸಲೀಸೇ ಸರಿ, ರಾಜಬೀದಿಯಲ್ಲಿ ನಡೆದ ಹಾಗೆ. ಲೂಯಿಯ ಸಾವು ಹೆಸರಿಗೆ ಸಾವು. ನಿಜವಾಗಿ ಕೊಲೆಯಾದವನು ಬೇರೆ ಇದ್ದಾನೆ, ಲೂಯಿಯನ್ನು ವ್ಯಾಂಪೈರ್ ಮಾಡಿದ ಲೆಸ್ಟಾಟ್.

ಕುತ್ತಿಗೆ ಸೀೞ್ದೊಡಮೞಿಯದೆ
ಮತ್ತಂ ಲೆಸ್ಟಾಟನಡರ್ದು ರಂಗಮನಾಗಳ್ |
ಕತ್ತಿಯ ಬಾಯ್ಗುತ್ತರಮೆನೆ
ಸತ್ತವನೇ ತನ್ನ ಸಾವಕಥೆಯಂ ಪೇೞ್ದಂ ||

ಎರಡನೆಯ ಸೀಸನ್ನು, ಏಳನೆಯ ಕಂತು. ಲೂಯಿ ಕುತ್ತಿಗೆ ಸೀಳಿ ಮುಗಿಸಿದೆನೆಂದುಕೊಂಡವನೇ ಪ್ಯಾರಿಸಿನ ನಾಟಕಶಾಲೆಯಲ್ಲಿ ನಡೆಯುವ ಲೂಯಿಯ ವಿಚಾರಣೆಗೆ ಸಾಕ್ಷಿಯಾಗಿ ಬಂದು ನಿಲ್ಲುತ್ತಾನೆ.

ಲಘುಗುರು:
ಎರಡನೆಯ ಸಾಲಿನ ಮೂರನೆಯ ಗಣ ಇನ್ನೊಮ್ಮೆ ಎಣಿಸಿ, ನಾಲ್ಕು ಮಾತ್ರೆ ಮೀರಿದೆ. ಬೆರಳು ಸಾಲದಿದ್ದರೆ ನನ್ನವನ್ನು ಕೊಡುತ್ತೇನೆ.

ಮಲೆನಾಡಿಗ:
ಶಿಥಿಲದ್ವಿತ್ವ. ‘ರ್ದು’ ತೇಲಿಸಿ ಓದಿ, ಹಿಂದಿನ ‘ಡ’ ಲಘುವೇ.

ಲಘುಗುರು:
ಬಂತು! ಗಣ ಕೆಟ್ಟ ಕಡೆಯಲ್ಲೆಲ್ಲ ಈ ಮಹಾಶಯರಿಗೆ ಶಿಥಿಲ. ಅಮರ್ದು, ಎರ್ದೆ, ಅಗುರ್ವು ಎಂದರೆ ಒಪ್ಪುತ್ತೇನೆ. ‘ಅಡರ್ದು’ವಿಗೆ ಹಳೆಯ ಕವಿಗಳ ಪ್ರಯೋಗ ಕೊಡಿ.

ಮಲೆನಾಡಿಗ:
ವ್ಯಾಕರಣದಲ್ಲಿ ಕೇಶಿರಾಜ ಕೊಟ್ಟದ್ದು ಉದಾಹರಣೆ, ಪಡಿತರ ಚೀಟಿಯಲ್ಲ.

ಲಘುಗುರು:
‘ಲೆಸ್ಟಾಟನೇಱಿ ರಂಗಮನಾಗಳ್’ ಎಂದರೆ ಮುಗಿಯಿತಲ್ಲ. ಅರ್ಥ ಅದೇ, ಗಣ ಶುದ್ಧ, ನನಗೂ ನಿದ್ದೆ.

ಮಲೆನಾಡಿಗ:
ಏರುವುದು ಬಸ್ಸನ್ನು. ಸತ್ತವನು ಎದ್ದು ಬಂದು ವೇದಿಕೆಯನ್ನು ಅಡರುತ್ತಾನೆ. ಕಿವಿ ಇದ್ದವರಿಗೆ ವ್ಯತ್ಯಾಸ ಕೇಳುತ್ತದೆ.

ಸೀತಾಳೆದಂಡೆ:
ಕೇಳುವವನ ಕಡೆಯಿಂದ ಒಂದು.

ಪತ್ತೆಯ ಪತ್ರಿಕೆಗಾರಂ
ನೆತ್ತಿಯನೊತ್ತಿದನದಾವುದಯ್ ದಿಟಮೆಂದಂ |
ಕತ್ತಲೊಳೀತಂ ಮನುಜನೆ
ಸತ್ತವನೇ? ತನ್ನ ಸಾವಕಥೆಯಂ ಪೇೞ್ದಂ! ||

ಹಳೆಮೈಸೂರು:
‘ಸತ್ತವನೇ’ ಪ್ರಶ್ನೆಯಾಯಿತು. ಭೇಷ್ ಅಕ್ಕ.

ಲಘುಗುರು:
ಚೆನ್ನಾಗಿದೆ. ಪ್ರಯೋಗ ಇನ್ನೂ ಬಂದಿಲ್ಲ ಮಲೆನಾಡಿಗರೇ.

ಧಾರವಾಡದಾಂವ:
ನಿಮ್ಮ ಗಣ ಇರ್ಲಿ, ನನಗ ಒಂದ್ ಹೇಳ್ರಿ. 1976ರ ಕಾದಂಬರಿಯೊಳಗ ಲೂಯಿ ಗುಲಾಮ್ರನ್ನ ಇಟ್ಕೊಂಡ ತ್ವಾಟದ ಧಣಿ. ಇಲ್ಲಿ ನೋಡಿದ್ರ ಕಪ್ಪು ಮಂದಿಯಂವ, ಸೂಳಿಗೇರಿಯೊಳಗ ಧಂದೆ ಮಾಡಾಂವ. ಖರೆ ಯಾವ್ದು?

ಎಲೆಯಡಿಕೆ:
ಅಲ್ಲೇ ಇರುವುದು ಚಮತ್ಕಾರ. 1973ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇದೇ ಡೇನಿಯಲ್ ಮೊದಲ ಸಂದರ್ಶನ ಮಾಡಿದ್ದ. ಅದನ್ನು ತಿದ್ದಲು ಎರಡನೆಯದು. ತಿದ್ದಿದ್ದರಲ್ಲೂ ತೂತು. ಮೊದಲ ಸೀಸನ್ನಿನ ಐದನೆಯ ಕಂತಿನ ಹೊಡೆದಾಟವನ್ನೇ ಆಮೇಲೆ ಲೆಸ್ಟಾಟ್ ಹೇಳಿದಾಗ ಅದು ಬೇರೆಯೇ ಜಗಳ. ಲೂಯಿ ಸುಳ್ಳು ಹೇಳಿದನೆಂದೂ ಅಲ್ಲ, ಹಾಗೇ ನೆನಪಿಟ್ಟುಕೊಂಡಿದ್ದ. ಆ ವಿಚಾರಣೆಯಲ್ಲಿ ಲೂಯಿಯನ್ನು ಉಳಿಸಿದವನು ನಾನೇ ಎಂದು ಅವನ ಸಂಗಾತಿ ಆರ್ಮಂಡ್ ದಶಕಗಟ್ಟಲೆ ನಂಬಿಸಿದ್ದು ಬೇರೆ. ವಿಚಾರಣೆಯ ನಾಟಕಪ್ರತಿಯ ಮೇಲೆ ಅವನದೇ ಕೈಬರಹ ಸಿಗುವ ತನಕ!

ಮಲೆನಾಡಿಗ:
ಆರ್ಮಂಡನಿಗೆ ‘ಸತ್ತವನೇ’ ಹೊಂದಿಸಿ ನೋಡೋಣ.

ಸೀತಾಳೆದಂಡೆ:
ಆರ್ಮಂಡ್ ಬೇಡ. ಲೂಯಿ, ಲೆಸ್ಟಾಟರಿಗೆ ಮಗಳಂತಿದ್ದು ಆ ವಿಚಾರಣೆಯಲ್ಲಿ ಸತ್ತ ಕ್ಲಾಡಿಯಾ ಬೇಕಿತ್ತು. ‘ಸತ್ತವಳೇ ತನ್ನ ಸಾವಕಥೆಯಂ ಪೇೞ್ದಳ್’ ಎಂದು ತಿರುಗಿಸಲೇ?

ಲಘುಗುರು:
ಸಮಸ್ಯೆಯ ಲಿಂಗ ಬದಲಿಸುವಂತಿಲ್ಲ ಅಕ್ಕ.

ಸೀತಾಳೆದಂಡೆ:
ಗೊತ್ತಿದ್ದೇ ಕೇಳಿದೆ. ಲೂಯಿ ಎರಡು ಸಲ ಹೇಳಿದ, ಲೆಸ್ಟಾಟನಿಗೆ ವೇದಿಕೆ ಸಿಕ್ಕಿತು, ಆರ್ಮಂಡನಿಗೆ ಸೋಫಾ ಸಿಕ್ಕಿತು. ಆ ಹುಡುಗಿಯ ಡೈರಿಯನ್ನು ಮಾತ್ರ ಬೇರೆಯವರೇ ಓದುತ್ತಾರೆ, ಅದರಲ್ಲೂ ಹಾಳೆ ಹರಿದುಹಾಕಿರುತ್ತಾರೆ. ಇಲ್ಲಿಯೂ ಅವಳಿಗೆ ಜಾಗವಿಲ್ಲ ಅನ್ನಿ.

ಹಳೆಮೈಸೂರು:
ತಪ್ಪು ನನ್ನದು. ಹೊಸ ಸಮಸ್ಯೆ ಕೊಡುವಾಗ ನೆನಪಿಡುತ್ತೇನೆ.

ಲಘುಗುರು:
ಪ್ರಯೋಗ?

ಮಲೆನಾಡಿಗ:
ಪ್ರಯೋಗ ನಿಮ್ಮದೇ ಇದೆಯಲ್ಲ! ಹೋದ ವರ್ಷ ಇದೇ ಗುಂಪಿನಲ್ಲಿ ತಾವರೆಯ ಪದ್ಯಕ್ಕೆ ‘ಅಲರ್ದು’ ಎಂದು ಬರೆದು ಮೂರೇ ಮಾತ್ರೆ ಎಣಿಸಿದ್ದಿರಿ. ನಾನು ಕೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದಿರಿ.

ಲಘುಗುರು:
ನಾನು ಬರೆದದ್ದು ‘ಅರಳಿ’. ಮಾತು ಬಿಟ್ಟವರು ನೀವು.

ಮಲೆನಾಡಿಗ:
‘ಅಲರ್ದು’. ಚೆನ್ನಾಗಿ ನೆನಪಿದೆ, ಅವತ್ತು ನಮ್ಮಲ್ಲಿ ಕರೆಂಟಿರಲಿಲ್ಲ.

ಲಘುಗುರು:
ನನಗೂ ಚೆನ್ನಾಗಿಯೇ ನೆನಪಿದೆ. ‘ಅರಳಿ’.

ಧಾರವಾಡದಾಂವ:
ನಿಮ್ಮಿಬ್ಬರೊಳಗ ಲೂಯಿ ಯಾರ್ರಿ, ಲೆಸ್ಟಾಟ್ ಯಾರು? ತಡೀರಿ, ಹಿಂದಕ್ಕ ಹೋಗಿ ಹುಡುಕ್ತೀನಿ.

ಧಾರವಾಡದಾಂವ:
ಸಿಕ್ತು. ಪದ್ಯ ಇದ್ದ ಜಾಗಾದಾಗ ‘ಈ ಸಂದೇಶವನ್ನು ಅಳಿಸಲಾಗಿದೆ’ ಅಂತ ಐತಿ. ಕೆಳಗ ಹದಿನಾಲ್ಕು ಮಂದಿ ‘ಆಹಾ’ ಅಂದಾರ.

ಲಘುಗುರು:
ನಾನು ಅಳಿಸಿಲ್ಲ.

ಮಲೆನಾಡಿಗ:
ಮತ್ತೆ ನಾನು ಅಳಿಸುತ್ತೇನೆಯೇ?

ಎಲೆಯಡಿಕೆ:
ಕ್ಷಮಿಸಿ, ಅಳಿಸಿದ್ದು ನಾನು. ಆ ಪದ್ಯ ನನ್ನದು.